ರುಬೊಂಡೊ ದ್ವೀಪ, ವಿಕ್ಟೋರಿಯಾ ಸರೋವರ: ದಾರಿ, ದೋಣಿ, ಚಿಂಪಾಂಜಿ, ತ್ಸೆತ್ಸೆ ನೊಣ, ಊಟ

ಮುಗಿಲಹಾದಿ

ಸೆರೆಂಗೆಟಿ ಮುಗಿಸಿದ ಮೇಲೆ ಟಾಂಜಾನಿಯಾದಲ್ಲಿ ಕೆಲವು ದಿನ ಕೈಯಲ್ಲಿ ಉಳಿಯುತ್ತವೆ. ಜೀಪುಗಳ ಸಾಲು ಇಲ್ಲದ ಜಾಗ ಬೇಕು. ರುಬೊಂಡೊ ದ್ವೀಪ ರಾಷ್ಟ್ರೀಯ ಉದ್ಯಾನದ ಬಗ್ಗೆ ಕನ್ನಡದಲ್ಲಿ ಏನೂ ಸಿಗುತ್ತಿಲ್ಲ. ತಿಳಿದವರು ಹೇಳಿ: ಸಣ್ಣ ವಿಮಾನ ಬಿಟ್ಟು ರಸ್ತೆ ಮತ್ತು ದೋಣಿಯಲ್ಲಿ ಹೋಗಬಹುದೇ? ಎಷ್ಟು ರಾತ್ರಿ ಬೇಕು? ಚಿಂಪಾಂಜಿ ಖಂಡಿತ ಕಾಣುತ್ತವೆಯೇ? ಶುದ್ಧ ಸಸ್ಯಾಹಾರಿಗಳಿಗೆ ಏನು ಗತಿ?

ಹಿನ್ನೀರು

ದಾರಿಗಿಂತ ಮೊದಲು ಸರೋವರದ ಬಗ್ಗೆ ಹೇಳುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ವೇಳಾಪಟ್ಟಿ ಬರೆಯುವುದು ಸರೋವರವೇ. ವಿಕ್ಟೋರಿಯಾದ ವಿಸ್ತೀರ್ಣ ಸುಮಾರು 68,800 ಚದರ ಕಿ.ಮೀ. ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಸರಾಸರಿ ಆಳ ಮಾತ್ರ ನಲವತ್ತು ಮೀಟರ್ ಆಸುಪಾಸು. ಇಷ್ಟು ಅಗಲದ, ಇಷ್ಟು ಕಡಿಮೆ ಆಳದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ಬೇಗ ಏಳುತ್ತದೆ. ಗಿಡ್ಡ, ಒತ್ತೊತ್ತಾದ ಅಲೆಗಳು, ದೋಣಿಯನ್ನು ಕುಕ್ಕುತ್ತವೆ.

ಇನ್ನೊಂದು ವಿಷಯ ರಾತ್ರಿಯ ಗುಡುಗು. ಹಗಲಲ್ಲಿ ನೆಲ ಬೇಗ ಕಾಯುವುದರಿಂದ ಗಾಳಿ ನೀರಿನಿಂದ ದಡದ ಕಡೆಗೆ ಹರಿಯುತ್ತದೆ, ಮಳೆಮೋಡ ದಡದ ಮೇಲೆ ಕಟ್ಟುತ್ತದೆ. ರಾತ್ರಿ ನೆಲ ತಣ್ಣಗಾಗಿ ನೀರು ಬೆಚ್ಚಗೇ ಇರುವುದರಿಂದ ಸುತ್ತಲ ದಡಗಳಿಂದ ಗಾಳಿ ಸರೋವರದ ನಡುವಿಗೆ ನುಗ್ಗಿ ಮೇಲೇರುತ್ತದೆ. ಬಿರುಮಳೆ, ಸಿಡಿಲು ಆಗ. ಸರೋವರದ ಪಶ್ಚಿಮ ಭಾಗದಲ್ಲಿ, ಅಂದರೆ ರುಬೊಂಡೊ ಇರುವ ಕಡೆ, ಇದು ಬೆಳಗಿನ ಜಾವದವರೆಗೂ ಎಳೆಯಬಹುದು. ಹಾಗಾಗಿ ದಾಟಲು ಒಳ್ಳೆಯ ಹೊತ್ತು ಬೆಳಿಗ್ಗೆ ಎಂಟರಿಂದ ಹನ್ನೊಂದು: ರಾತ್ರಿಯ ಮೋಡ ಚದುರಿರುತ್ತದೆ, ಮಧ್ಯಾಹ್ನದ ಗಾಳಿ ಇನ್ನೂ ಎದ್ದಿರುವುದಿಲ್ಲ. ಸಂಜೆಯ ದಾಟುವಿಕೆ ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಈಗ ದಾರಿ. ಮ್ವಾಂಜಾ ನಗರದಿಂದ ಪಶ್ಚಿಮಕ್ಕೆ ಸೆಂಗೆರೆಮಾ, ಗೆಯಿಟಾ, ಅಲ್ಲಿಂದ ಚಾಟೊ ಜಿಲ್ಲೆಯ ಮುಗಾಂಜಾ. ಮುಗಾಂಜಾದಿಂದ ಐದಾರು ಕಿ.ಮೀ. ಹೋದರೆ ಕಸೆಂಡಾ ಎಂಬ ಪುಟ್ಟ ದೋಣಿಕಟ್ಟೆ. ಅಲ್ಲಿಂದ ಉದ್ಯಾನದ ಮೋಟಾರು ದೋಣಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಹಳೆಯ ಬರಹಗಳಲ್ಲಿ ಮ್ವಾಂಜಾ ಬಿಟ್ಟ ಕೂಡಲೇ ಕಿಗೊಂಗೊ–ಬುಸಿಸಿ ಫೆರಿಗೆ ಗಂಟೆಗಟ್ಟಲೆ ಕಾಯಬೇಕು ಎಂದಿರುತ್ತದೆ. ಅದನ್ನು ಬಿಡಿ. 2025ರ ಜೂನ್‌ನಲ್ಲಿ ಅಲ್ಲಿ ಸುಮಾರು 3 ಕಿ.ಮೀ. ಉದ್ದದ ಮಗುಫುಲಿ ಸೇತುವೆ ತೆರೆದಿದೆ.

ಇನ್ನೊಂದು ದೋಣಿಕಟ್ಟೆ ನ್ಕೋಮೆ. ನಕ್ಷೆಯಲ್ಲಿ ಗೆಯಿಟಾಕ್ಕೆ ಹತ್ತಿರ ಕಾಣುವುದರಿಂದ ಹಲವರು ಅದನ್ನೇ ಆರಿಸುತ್ತಾರೆ. ಆದರೆ ಅಲ್ಲಿಂದ ನೀರಿನ ಮೇಲೆ ಎರಡು ಗಂಟೆ, ಅದೂ ತೆರೆದ ನೀರು. ರಸ್ತೆಯಲ್ಲಿ ಉಳಿಸಿದ ಸಮಯ ಅಲೆಯಲ್ಲಿ ಹೋಗುತ್ತದೆ. ಕಸೆಂಡಾವೇ ಸರಿ.

ಮ್ವಾಂಜಾದಿಂದ ಅದೇ ದಿನ ದ್ವೀಪ ಮುಟ್ಟುವ ಆಸೆ ಬೇಡ. ಮೊದಲ ದಿನ ಗೆಯಿಟಾ ಅಥವಾ ಚಾಟೊದಲ್ಲಿ ತಂಗಿ, ಮರುದಿನ ಬೆಳಿಗ್ಗೆ ದೋಣಿ ಹತ್ತಿ.

ಕಲ್ಲುಹೂವು

ದೋಣಿಯ ಬಗ್ಗೆ ಸೇರಿಸುತ್ತೇನೆ. ದೋಣಿಕಟ್ಟೆಗೆ ಹೋಗಿ ನಿಂತರೆ ದೋಣಿ ಸಿಗುವುದಿಲ್ಲ. ದ್ವೀಪದ ಕಗೆಯೆ ಎಂಬಲ್ಲಿ ಉದ್ಯಾನದ ಮುಖ್ಯ ಕಚೇರಿ ಇದೆ. ಅವರಿಗೆ ಕೆಲವು ದಿನ ಮೊದಲೇ ತಿಳಿಸಿ, ಹಿಂದಿನ ದಿನ ಮತ್ತೆ ಫೋನ್ ಮಾಡಿ ಖಚಿತಪಡಿಸಿಕೊಂಡರೆ ದೋಣಿ ಕಸೆಂಡಾಕ್ಕೆ ಬರುತ್ತದೆ. ಬಾಡಿಗೆ ಸಾಮಾನ್ಯವಾಗಿ ಇಡೀ ದೋಣಿಗೆ, ತಲೆಗಿಷ್ಟು ಅಂತಲ್ಲ. ಒಬ್ಬರೇ ಹೋದರೆ ದುಬಾರಿ, ನಾಲ್ಕು ಜನರಾದರೆ ಹಗುರ.

ಗಂಟೆ ಹೇಳುವಾಗ ಜೋಪಾನ. ಸ್ವಾಹಿಲಿ ಲೆಕ್ಕ ಸೂರ್ಯೋದಯದಿಂದ ಶುರುವಾಗುತ್ತದೆ: ಬೆಳಿಗ್ಗೆ ಏಳು ಗಂಟೆ ಅವರಿಗೆ "ಸಾ ಮೋಜಾ", ಒಂದನೇ ಗಂಟೆ. ಒಂಬತ್ತಕ್ಕೆ ದೋಣಿ ಬೇಕಿದ್ದರೆ "ಸಾ ತಾತು ಅಸುಬುಹಿ" ಎನ್ನಬೇಕು, ಅಂದರೆ ಬೆಳಗಿನ ಮೂರನೇ ಗಂಟೆ. ಇಂಗ್ಲಿಷಿನಲ್ಲಿ ಹೇಳಿದರೂ ಕೇಳಿದವರು ಆರು ಗಂಟೆ ಕೂಡಿಸಿಯೋ ಕಳೆದೋ ಅರ್ಥ ಮಾಡಿಕೊಳ್ಳಬಹುದು. ಮೆಸೇಜಿನಲ್ಲಿ 09:00 ಎಂದು ಅಂಕಿಯಲ್ಲಿ ಬರೆದು ಕಳಿಸುವುದು ಕ್ಷೇಮ.

ಮುಗಿಲಹಾದಿ

ದಡದಲ್ಲಿ ಮೀನುಗಾರರ ದೋಣಿ ಬೇಕಾದಷ್ಟು ಇರುತ್ತವಲ್ಲ, ಅವರಿಗೇ ದುಡ್ಡು ಕೊಟ್ಟು ಹೋದರೆ?

ಹಿನ್ನೀರು

ಬೇಡವೇ ಬೇಡ. ಉದ್ಯಾನದ ಒಟ್ಟು ವಿಸ್ತೀರ್ಣ ಸುಮಾರು 456 ಚದರ ಕಿ.ಮೀ. ಅದರಲ್ಲಿ ನೆಲ ಅರ್ಧದಷ್ಟು, ಉಳಿದದ್ದು ನೀರು. ಆ ನೀರೂ ಸಂರಕ್ಷಿತವೇ. ಟಿಲಾಪಿಯಾ, ನೈಲ್ ಪರ್ಚ್ ಮೀನುಗಳು ಮೊಟ್ಟೆಯಿಟ್ಟು ಮರಿ ಮಾಡುವ ಜಾಗವೆಂದು ಅಲ್ಲಿ ವಾಣಿಜ್ಯ ಮೀನುಗಾರಿಕೆ ನಿಷಿದ್ಧ. ಗಸ್ತು ಇರುತ್ತದೆ. ಮೀನುಗಾರರ ದೋಣಿ ಒಳಗೆ ಬಂದರೆ ಮೊದಲು ತೊಂದರೆಗೆ ಸಿಲುಕುವವರು ಆ ಬಡ ಮೀನುಗಾರರು. ನಮ್ಮ ನೂರು ರೂಪಾಯಿ ಉಳಿತಾಯಕ್ಕೆ ಅವರ ದೋಣಿ ಜಪ್ತಿಯಾಗಬಾರದು.

ಸುರಕ್ಷತೆಯ ಮಾತೂ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಉಕಾರಾ ದ್ವೀಪದ ಬಳಿ ಮಗುಚಿದ ಎಂ.ವಿ. ನ್ಯೆರೆರೆ ಹಡಗಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ಕಾರಣ ಮಿತಿಮೀರಿದ ಭಾರ. ಉದ್ಯಾನದ ದೋಣಿಯಲ್ಲೂ ಲೈಫ್ ಜಾಕೆಟ್ ಹತ್ತುವ ಮೊದಲೇ ಹಾಕಿ ಬಕಲ್ ಬಿಗಿದುಕೊಳ್ಳಿ. ಮಕ್ಕಳಿದ್ದರೆ ಅವರ ಅಳತೆಯ ಜಾಕೆಟ್ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲೆ ಜಾರಿ ಹೋಗುತ್ತದೆ.

ಅತ್ತಿಮರ

ಚಿಂಪಾಂಜಿ ವಿಷಯಕ್ಕೆ ಬರುತ್ತೇನೆ. "ಖಂಡಿತ" ಎಂದು ಯಾರೂ ಹೇಳಲಾರರು. ಕಾರಣ ತಿಳಿಯಲು ಈ ದ್ವೀಪದ ಇತಿಹಾಸ ಗೊತ್ತಿರಬೇಕು.

ರುಬೊಂಡೊದಲ್ಲಿ ಚಿಂಪಾಂಜಿ ಮೂಲವಾಸಿಯಲ್ಲ. 1965ರಲ್ಲಿ ದ್ವೀಪವನ್ನು ವನ್ಯಮೃಗ ಮೀಸಲು ಎಂದು ಘೋಷಿಸಿ, ಅಲ್ಲಿದ್ದ ಮೀನುಗಾರ ಕುಟುಂಬಗಳನ್ನು ಹೊರಗೆ ಕಳಿಸಿದರು. ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕರಾಗಿದ್ದ ಬರ್ನ್‌ಹಾರ್ಡ್ ಗ್ರಿಜಿಮೆಕ್ ಅವರ ಯೋಜನೆಯಲ್ಲಿ 1966ರಿಂದ 1969ರ ನಡುವೆ 17 ಚಿಂಪಾಂಜಿಗಳನ್ನು ಇಲ್ಲಿ ಬಿಟ್ಟರು. ಎಲ್ಲವೂ ಯುರೋಪಿನ ಮೃಗಾಲಯ, ಸರ್ಕಸ್‌ಗಳಿಂದ ಬಂದವು. ಮರಿಯಾಗಿದ್ದಾಗ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡುಗಳಿಂದ ಹಿಡಿದು ತಂದವು, ಒಂದಕ್ಕಿಂತ ಹೆಚ್ಚು ಉಪಜಾತಿಗಳವು. ಕಾಡಿನಲ್ಲಿ ಬದುಕುವ ತರಬೇತಿ ಯಾವುದೂ ಇರಲಿಲ್ಲ. ಪಂಜರ ತೆರೆದರು, ಅಷ್ಟೇ. ಅವು ಉಳಿದವು, ಹಣ್ಣು ಹುಡುಕಲು ಕಲಿತವು, ಮರದ ಮೇಲೆ ಗೂಡು ಕಟ್ಟಲು ಕಲಿತವು, ಮರಿ ಹಾಕಿದವು. ಇಂದು ಇರುವವು ಅವುಗಳ ಸಂತತಿ, ಹಲವು ಪಟ್ಟು ಹೆಚ್ಚಿವೆ. ಪಂಜರದಲ್ಲಿ ಬೆಳೆದ ಪ್ರಾಣಿಗಳನ್ನು ಕಾಡಿಗೆ ಮರಳಿಸುವ ಪ್ರಯತ್ನಗಳಲ್ಲಿ ಇಂಥ ಯಶಸ್ಸು ಬಹಳ ಅಪರೂಪ. ಈ ದ್ವೀಪಕ್ಕೆ ಹೋಗುವ ನಿಜವಾದ ಕಾರಣ ನನ್ನ ಮಟ್ಟಿಗೆ ಇದೇ.

ಇನ್ನು ಕಾಣುವ ಪ್ರಶ್ನೆ. ಮುಖ್ಯ ದ್ವೀಪ ಸುಮಾರು 237 ಚದರ ಕಿ.ಮೀ., ಬಹುಪಾಲು ದಟ್ಟ ಕಾಡು, ಪ್ರಾಣಿಗಳು ಕೆಲವು ಡಜನ್. ಮನುಷ್ಯರಿಗೆ ಒಗ್ಗಿಸುವ ಕೆಲಸ ಇಲ್ಲಿ ಟಾಂಜಾನಿಯಾದ ಇನ್ನೆರಡು ಚಿಂಪಾಂಜಿ ಉದ್ಯಾನಗಳಾದ ಮಹಾಲೆ, ಗೊಂಬೆಗಳಿಗಿಂತ ದಶಕಗಳಷ್ಟು ತಡವಾಗಿ ಶುರುವಾಯಿತು. ಇಲ್ಲಿನ ಚಿಂಪಾಂಜಿಗಳ ಆಹಾರದ ದೊಡ್ಡ ಪಾಲು ಸಾಬಾ ಎಂಬ ಬಳ್ಳಿಯ ಹಣ್ಣು. ಅದು ಹೆಚ್ಚಿರುವ ಕಡೆ ಗುಂಪು ನಿಲ್ಲುತ್ತದೆ, ಕಡಿಮೆಯಾದರೆ ಚದುರುತ್ತದೆ. ಜಾಡು ಹಿಡಿಯುವವರು ಹಿಂದಿನ ಸಂಜೆ ಗೂಡು ಕಟ್ಟಿದ ಜಾಗ ನೋಡಿಟ್ಟು ಬೆಳಿಗ್ಗೆ ಅಲ್ಲಿಂದ ಹೊರಡುತ್ತಾರೆ. ಹಿಂದಿನ ಸಂಜೆಯ ಜಾಡು ತಪ್ಪಿದ್ದರೆ ನಿಮ್ಮ ಬೆಳಗು ಬರೀ ನಡಿಗೆಯಲ್ಲಿ ಮುಗಿಯಬಹುದು. ಆದ್ದರಿಂದ ಜಾಡಿಗೆ ಎರಡು ಬೆಳಗು ಇಡಿ. ಮೂರು ರಾತ್ರಿಗಿಂತ ಕಡಿಮೆ ಬೇಡ.

ಸಂಪಿಗೆಕೊಂಬೆ

ಮೂರು ರಾತ್ರಿ ಎಲ್ಲರಿಗೂ ಬೇಕಿಲ್ಲ. ಹಕ್ಕಿ ಮತ್ತು ಸಿಟಟುಂಗಾ ಎಂಬ ಜವುಗಿನ ಜಿಂಕೆ ನೋಡಲು ಬರುವವರಿಗೆ ಎರಡು ಸಾಕು, ಅವು ಕಗೆಯೆ ಸುತ್ತಮುತ್ತಲೇ ಸಿಗುತ್ತವೆ.

ಅತ್ತಿಮರ

ಹಕ್ಕಿಗೆ ಎರಡು ಸಾಕು, ಒಪ್ಪಿದೆ. ಆದರೆ ಒಂದು ಬೆಳಿಗ್ಗೆ ಗಾಳಿ ಎದ್ದು ದೋಣಿ ಬಿಡದಿದ್ದರೆ ಎರಡು ಒಂದಾಗುತ್ತದೆ. ಹಿಂತಿರುಗುವ ಅಂತರರಾಷ್ಟ್ರೀಯ ವಿಮಾನ ಇರುವ ದಿನವೇ ದ್ವೀಪ ಬಿಡುವಂತೆ ಯಾರೂ ಯೋಜಿಸಬಾರದು. ನಡುವೆ ಪೂರ್ತಿ ಒಂದು ದಿನ ಖಾಲಿ ಇರಲಿ.

ಚಿಂಪಾಂಜಿ ನಡಿಗೆಯ ನಿಯಮಗಳನ್ನೂ ಹೇಳಿಬಿಡುತ್ತೇನೆ. ನೆಗಡಿ, ಕೆಮ್ಮು, ಜ್ವರ, ಬೇಧಿ ಇದ್ದವರು ಹೋಗಬಾರದು. ನಮಗೆ ಎರಡು ದಿನದ ನೆಗಡಿ ತರುವ ವೈರಸ್ ಚಿಂಪಾಂಜಿ ಗುಂಪಿನಲ್ಲಿ ನ್ಯುಮೋನಿಯಾ ತಂದು ಕೊಲ್ಲಬಲ್ಲದು, ಆಫ್ರಿಕಾದ ಬೇರೆ ಕಾಡುಗಳಲ್ಲಿ ಇದು ಆಗಿದೆ. ಹತ್ತಿರ ಹೋದಾಗ ಮೂಗು ಬಾಯಿ ಮುಚ್ಚುವ ಮಾಸ್ಕ್, ಕನಿಷ್ಠ 10 ಮೀಟರ್ ಅಂತರ, ಫ್ಲ್ಯಾಶ್ ಇಲ್ಲ, ತಿನ್ನುವುದಿಲ್ಲ, ಉಗುಳುವುದಿಲ್ಲ. ಕಂಡ ಮೇಲೆ ಸಿಗುವುದು ಸೀಮಿತ ಸಮಯ, ಸಾಮಾನ್ಯವಾಗಿ ಒಂದು ಗಂಟೆ. ಮಕ್ಕಳಿಗೆ ವಯಸ್ಸಿನ ಮಿತಿ ಇದೆ, ಟಿಕೆಟ್ ಮಾಡುವ ಮೊದಲೇ ಉದ್ಯಾನದವರನ್ನು ಕೇಳಿ. ದಡಕ್ಕೆ ಬಂದ ಮೇಲೆ ತಿಳಿದರೆ ತಾಯಿಯೋ ತಂದೆಯೋ ಮಗುವಿನೊಂದಿಗೆ ಹಿಂದೆ ಉಳಿಯಬೇಕಾಗುತ್ತದೆ.

ಸಂಪಿಗೆಕೊಂಬೆ

ಉಳಿದ ಪ್ರಾಣಿಗಳ ಬಗ್ಗೆ: ಸಿಂಹ, ಚಿರತೆ ಇಲ್ಲಿಲ್ಲ. ಅದಕ್ಕೇ ಕಾಡಿನೊಳಗೆ ಕಾಲ್ನಡಿಗೆ ಸಾಧ್ಯ, ಸಶಸ್ತ್ರ ರೇಂಜರ್ ಜೊತೆಗೆ. ಹೊರಗಿನಿಂದ ತಂದವುಗಳಲ್ಲಿ ಆನೆ, ಜಿರಾಫೆ, ಕಪ್ಪುಬಿಳಿ ಕೊಲೊಬಸ್ ಕೋತಿ, ಸುನಿ ಎಂಬ ಪುಟ್ಟ ಜಿಂಕೆ ಉಳಿದಿವೆ. ಕಪ್ಪು ಘೇಂಡಾಮೃಗಗಳನ್ನೂ ತಂದಿದ್ದರು, ಕಳ್ಳಬೇಟೆ ಅವನ್ನು ಒಂದೂ ಉಳಿಸಲಿಲ್ಲ. ರೋನ್ ಜಿಂಕೆಯೂ ಹೋಯಿತು. 2000ರಲ್ಲಿ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಬೂದು ಗಿಳಿಗಳನ್ನು ಇಲ್ಲಿ ಬಿಟ್ಟರು.

ಮೂಲವಾಸಿಗಳಲ್ಲಿ ನೋಡಲೇಬೇಕಾದದ್ದು ಸಿಟಟುಂಗಾ, ಜವುಗಿನ ಜಿಂಕೆ. ಗೊರಸು ಉದ್ದ, ಎರಡು ಕವಲಾಗಿ ಅಗಲುತ್ತದೆ, ಕೆಸರಲ್ಲಿ ಹೂತುಹೋಗದೆ ನಡೆಯಲು. ಅಪಾಯ ಬಂದರೆ ಮೂಗು ಮಾತ್ರ ಹೊರಗಿಟ್ಟು ನೀರಲ್ಲಿ ಮುಳುಗಿ ನಿಲ್ಲುತ್ತದೆ. ಬೇರೆಡೆ ಪಪೈರಸ್ ಜೊಂಡಿನೊಳಗೆ ಅಡಗಿರುವ ಈ ಜೀವ, ದೊಡ್ಡ ಬೇಟೆಗಾರ ಪ್ರಾಣಿಗಳಿಲ್ಲದ ಕಾರಣ ಇಲ್ಲಿ ಕಾಡಿನ ಅಂಚಿಗೂ ಬಯಲಿಗೂ ಬರುತ್ತದೆ. ಬೆಳಕು ಹರಿಯುವಾಗ ಜವುಗಿನ ಅಂಚಿನಲ್ಲಿ ಅಲ್ಲಾಡದೆ ಕೂರಬೇಕು. ಬುಷ್‌ಬಕ್ ಎಂಬ ಇನ್ನೊಂದು ಜಿಂಕೆಯ ಜೊತೆ ಗೊಂದಲವಾಗುತ್ತದೆ: ಬುಷ್‌ಬಕ್ ಚಿಕ್ಕದು, ಮೈ ಕೆಂಪುಕಂದು, ಬಿಳಿ ಚುಕ್ಕೆ ಸ್ಪಷ್ಟ. ಗಂಡು ಸಿಟಟುಂಗಾ ಗಾಢ ಕಂದು, ರೋಮ ಉದ್ದ, ತಿರುಚಿದ ದೊಡ್ಡ ಕೊಂಬು.

ಸೂರ್ಯೋದಯ ನಮ್ಮ ಲೆಕ್ಕಕ್ಕಿಂತ ತಡ, ಏಳರ ಹತ್ತಿರ. ಟಾಂಜಾನಿಯಾದ ಗಡಿಯಾರ ಪೂರ್ವ ಕರಾವಳಿಯಾಚೆಯ ರೇಖಾಂಶಕ್ಕೆ ಹೊಂದಿಸಿದ್ದು, ರುಬೊಂಡೊ ತೀರಾ ಪಶ್ಚಿಮದಲ್ಲಿದೆ. ಐದಕ್ಕೆ ಎದ್ದು ಕತ್ತಲಲ್ಲಿ ಅಂಗಳದಲ್ಲಿ ಓಡಾಡಬೇಡಿ, ನೀರಾನೆಗಳು ರಾತ್ರಿಯಿಡೀ ಕಗೆಯೆಯ ಹುಲ್ಲು ಮೇಯುತ್ತವೆ. ನೀರಾನೆಗೂ ನೀರಿಗೂ ನಡುವೆ ನಿಂತವರ ಮೇಲೆ ಅದು ನೇರ ನುಗ್ಗುತ್ತದೆ. ಶೌಚಾಲಯ ಹೊರಗಿದ್ದರೆ ಟಾರ್ಚ್ ಸುತ್ತ ಹಾಯಿಸಿ ನೋಡಿ, ಕಾವಲುಗಾರರನ್ನು ಕರೆದು ಹೋಗಿ.

ಬೇಲಿಹೂ

ಆರೋಗ್ಯದ ವಿಷಯ ಯಾರೂ ಮುಟ್ಟಿಲ್ಲ. ನಾಲ್ಕು ಸಂಗತಿ, ನಾಲ್ಕೂ ಬೇರೆ ಬೇರೆ.

ಮಲೇರಿಯಾ: ಅಲ್ಲಿನದು ಬಹುಪಾಲು ಫಾಲ್ಸಿಪಾರಮ್, ಜೀವ ತೆಗೆಯುವ ಜಾತಿ. ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅಥವಾ ಅಟೊವಕ್ವೋನ್-ಪ್ರೊಗ್ವಾನಿಲ್ ಬರೆಯುತ್ತಾರೆ. ಮೊದಲನೆಯದನ್ನು ಹೊರಡುವ ಒಂದೆರಡು ದಿನ ಮೊದಲಿನಿಂದ ಹಿಡಿದು ಹಿಂತಿರುಗಿದ ಮೇಲೆ 4 ವಾರ, ಎರಡನೆಯದನ್ನು ಹಿಂತಿರುಗಿದ ಮೇಲೆ 7 ದಿನ ತೆಗೆದುಕೊಳ್ಳಬೇಕು. ಮನೆಗೆ ಬಂದ ಖುಷಿಯಲ್ಲಿ ಮಾತ್ರೆ ನಿಲ್ಲಿಸುವುದೇ ಸಾಮಾನ್ಯ ತಪ್ಪು. ಡಾಕ್ಸಿಸೈಕ್ಲಿನ್ ಊಟದ ಮೇಲೆ, ತುಂಬಿದ ಲೋಟ ನೀರಿನೊಂದಿಗೆ, ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಸಲ್ಲ.

ಬಿಲ್ಹಾರ್ಜಿಯಾ: ದಡದ ಜೊಂಡಿನಲ್ಲಿರುವ ಬಸವನಹುಳುಗಳಿಂದ ಹೊರಬರುವ ಸೂಕ್ಷ್ಮ ಹುಳು ಚರ್ಮ ಕೊರೆದು ಒಳಹೋಗುತ್ತದೆ. ಮರಳ ದಂಡೆ ಎಷ್ಟು ಚೆಂದ ಕಂಡರೂ ನೀರಿಗಿಳಿಯಬೇಡಿ. ಮೊಸಳೆಯೂ ಇದೆ. ದೋಣಿ ಹತ್ತಿಳಿಯುವಾಗ ಕಾಲು ನೆನೆದರೆ ತಕ್ಷಣ ಒರಟು ಟವೆಲ್‌ನಿಂದ ಉಜ್ಜಿ ಒರೆಸಿ. ಹೆಚ್ಚು ಹೊತ್ತು ನೆನೆದಿದ್ದರೆ ಆರರಿಂದ ಎಂಟು ವಾರದ ನಂತರ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ಮಾಡಿಸಿದರೆ ಏನೂ ಕಾಣದೆ ಹೋಗಬಹುದು. ಇದಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಮಾತ್ರೆಯೂ ಹುಳು ಬಲಿತ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತದೆ.

ತ್ಸೆತ್ಸೆ ನೊಣ: ನಿದ್ರಾರೋಗ ಹರಡುವ ನೊಣ. ಹಗಲು ಕಚ್ಚುತ್ತದೆ, ತೆಳು ಬಟ್ಟೆ ತೂರಿ ಕಚ್ಚುತ್ತದೆ, ಚಲಿಸುವ ವಾಹನದ ಹಿಂದೆ ಬೀಳುತ್ತದೆ. ಸೊಳ್ಳೆಯ ಮುಲಾಮು ಇದಕ್ಕೆ ಅರೆಬರೆ. ಬಟ್ಟೆಯ ಬಣ್ಣ ಮುಖ್ಯ: ಕಡುನೀಲಿ ಮತ್ತು ಕಪ್ಪು ಇವನ್ನು ಸೆಳೆಯುತ್ತದೆ. ಕಾಡಿನಲ್ಲಿ ನೇತುಹಾಕಿರುವ ನೀಲಿ-ಕಪ್ಪು ಬಟ್ಟೆಯ ಬೋನುಗಳು ಇದೇ ಗುಣವನ್ನು ಬಳಸುತ್ತವೆ. ಜೀನ್ಸ್ ಮನೆಯಲ್ಲೇ ಇರಲಿ. ದಪ್ಪ ನೇಯ್ಗೆಯ ಮಣ್ಣುಬಣ್ಣದ ಪೂರ್ಣ ತೋಳಿನ ಅಂಗಿ, ಪ್ಯಾಂಟ್ ತುದಿ ಕಾಲುಚೀಲದೊಳಗೆ.

ಹಳದಿ ಜ್ವರ: ಇದು ಕಾಯಿಲೆಗಿಂತ ಕಾಗದದ ತೊಂದರೆ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವವರಿಗೆ ಪ್ರಯಾಣದ ನಡುವಿನ ತಂಗುವಿಕೆ 12 ಗಂಟೆ ಮೀರಿದರೆ ಟಾಂಜಾನಿಯಾ ಪ್ರಮಾಣಪತ್ರ ಕೇಳುತ್ತದೆ. ಹೆಚ್ಚು ಕಟ್ಟುನಿಟ್ಟು ನಮ್ಮದೇ ದೇಶ: ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲೆ ಪ್ರಮಾಣಪತ್ರ ಜಾರಿಗೆ ಬರುತ್ತದೆ, ನಂತರ ಜೀವನಪೂರ್ತಿ ಸಲ್ಲುತ್ತದೆ. ಸರ್ಕಾರ ಅನುಮೋದಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ದಿನ ಸಿಗುವುದು ನಿಧಾನ, ಒಂದು ತಿಂಗಳು ಮೊದಲೇ ವಿಚಾರಿಸಿ.

ಕಲ್ಲುಹೂವು

ವೀಸಾ: ಭಾರತೀಯರಿಗೆ ಸಾಮಾನ್ಯ ಇ-ವೀಸಾ 50 ಡಾಲರ್. ಟಾಂಜಾನಿಯಾ ವಲಸೆ ಇಲಾಖೆಯ ಜಾಲತಾಣದಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೇಲೆ ಬರುವ, ಅದೇ ರೀತಿ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಮೂರು ವಾರ ಮೊದಲೇ ಹಾಕಿ. ಕೀನ್ಯಾ, ಉಗಾಂಡಾ, ರುವಾಂಡಾ ಸೇರಿ ಕೊಡುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಟಾಂಜಾನಿಯಾಕ್ಕೆ ನಡೆಯುವುದಿಲ್ಲ. ಮಸಾಯಿ ಮಾರಾ ಜೊತೆ ಸೇರಿಸಿ ಯೋಜಿಸುವವರು ಇಲ್ಲೇ ಎಡವುತ್ತಾರೆ.

ಶುಲ್ಕ: ಪ್ರವೇಶಪತ್ರ ಒಂದು ಪ್ರವೇಶಕ್ಕೆ, 24 ಗಂಟೆಗೆ. ಬೆಳಿಗ್ಗೆ ಹತ್ತಕ್ಕೆ ಒಳಬಂದರೆ ಲೆಕ್ಕ ಹತ್ತರಿಂದ ಹತ್ತಕ್ಕೆ. ಮೂರನೇ ದಿನ ಹತ್ತೂವರೆಗೆ ಹೊರಟರೆ ಇನ್ನೊಂದು ದಿನದ ಹಣ ಬೀಳಬಹುದು. ದೋಣಿಯ ಸಮಯವನ್ನು ಇದಕ್ಕೆ ಹೊಂದಿಸಿ, ಹವಾಮಾನದಿಂದ ತಡವಾದರೆ ಏನು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಗದು ಕಟ್ಟಿಸಿಕೊಳ್ಳುವುದಿಲ್ಲ, ಕಾರ್ಡ್ ಅಥವಾ ಕಂಟ್ರೋಲ್ ನಂಬರ್ (ಪಾವತಿಗಾಗಿ ಕೊಡುವ ಸಂಖ್ಯೆ) ಮೂಲಕ ಬ್ಯಾಂಕ್, ಮೊಬೈಲ್ ಪಾವತಿ. ದ್ವೀಪದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ದಡದಲ್ಲೇ ಮುಗಿಸಿ ರಸೀದಿ ಇಟ್ಟುಕೊಳ್ಳಿ. ಸಣ್ಣ ಖರ್ಚಿನ ಶಿಲ್ಲಿಂಗ್ ನಗದು ಗೆಯಿಟಾದಲ್ಲೇ ತೆಗೆಯಿರಿ.

ವಿಮಾನದಲ್ಲೇ ಹೋಗುವವರಿಗೆ: ದ್ವೀಪದಲ್ಲಿ ಮಣ್ಣಿನ ರನ್‌ವೇ ಇದೆ, ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಮಿತಿ, ಕ್ಯಾಮೆರಾ ಸೇರಿ. ಗಟ್ಟಿ ಸೂಟ್‌ಕೇಸ್ ಸಾಮಾನು ಜಾಗದಲ್ಲಿ ಹಿಡಿಸುವುದಿಲ್ಲ, ಬಟ್ಟೆಯ ಚೀಲ ಬೇಕು. ಡ್ರೋನ್‌ಗೆ ಮುಂಚಿನ ಅನುಮತಿ ಇಲ್ಲದೆ ಯಾವ ಉದ್ಯಾನದಲ್ಲೂ ಅವಕಾಶವಿಲ್ಲ.

ರೊಟ್ಟಿಹಂಚು

ಸಸ್ಯಾಹಾರಿಗಳು ಹೆದರಬೇಕಿಲ್ಲ. ದ್ವೀಪದಲ್ಲಿ ದುಬಾರಿ ಖಾಸಗಿ ಕ್ಯಾಂಪ್ ಒಂದಿದೆ, ಅಲ್ಲಿ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ಕಗೆಯೆಯ ಸರ್ಕಾರಿ ಬಾಂಡಾ ಕುಟೀರಗಳಲ್ಲಿ ಉಳಿಯುವವರು ದಿನಸಿ ತಾವೇ ಒಯ್ದು ಅಡುಗೆ ಮಾಡಿಕೊಳ್ಳುವ ಲೆಕ್ಕದಲ್ಲೇ ಹೋಗಬೇಕು. ಇಬ್ಬರಿಗೆ ಮೂರು ದಿನಕ್ಕೆ ಅಕ್ಕಿ ಒಂದೂವರೆ ಕೆ.ಜಿ., ಬೇಳೆ ಅರ್ಧ ಕೆ.ಜಿ., ಈರುಳ್ಳಿ, ಟೊಮೆಟೊ, ಬಾಳೆಹಣ್ಣು, ಕುಡಿಯುವ ನೀರು ಕನಿಷ್ಠ 18 ಲೀಟರ್. ಎಲ್ಲ ಗೆಯಿಟಾದಲ್ಲಿ ಸಿಗುತ್ತದೆ. ತೊಗರಿಬೇಳೆ, ಸಾಂಬಾರ ಪದಾರ್ಥ ಬೇಕಿದ್ದರೆ ಮ್ವಾಂಜಾದಲ್ಲೇ ಕೊಳ್ಳಿ, ಅಲ್ಲಿ ಗುಜರಾತಿ ಮೂಲದವರ ಅಂಗಡಿಗಳಿವೆ.

ದಾರಿಯ ಹೋಟೆಲುಗಳಲ್ಲಿ ಉಗಾಲಿ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟಿನದು, ತಿನ್ನುವ ಬಗೆ ನಮ್ಮ ಮುದ್ದೆಯಂತೆ. ಜೊತೆಗೆ ಮಹರಾಗೆ ಅಂದರೆ ಹುರುಳಿಕಾಯಿ ಬೀಜದ ಸಾರು, ಮ್ಚಿಚಾ ಅಂದರೆ ದಂಟಿನ ಸೊಪ್ಪು. ಚಪಾತಿ ಎಂದರೆ ಚಪಾತಿಯೇ. ಒಂದು ಎಚ್ಚರಿಕೆ: "ಮಾಂಸ ಬೇಡ" ಎಂದರೆ ಮೀನು ಬರಬಹುದು. ಈ ಸೀಮೆಯಲ್ಲಿ ದಗಾ ಎಂಬ ಒಣ ಸಣ್ಣ ಮೀನನ್ನು ಸೊಪ್ಪಿಗೂ ಬೆರೆಸುತ್ತಾರೆ. "ಸಿಲಿ ನ್ಯಾಮಾ, ಸಿಲಿ ಸಮಾಕಿ, ಸಿಲಿ ದಗಾ" ಎಂದು ಮೂರನ್ನೂ ಹೇಳಿ.

ಚಟ್ನಿಪುಡಿ, ಹುರಿಹಿಟ್ಟು ಒಯ್ಯುವವರು ಗಮನಿಸಿ: 2019ರ ಜೂನ್ 1ರಿಂದ ಟಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಅಂಗಡಿಯ ಕವರ್‌ಗಳಲ್ಲಿ ಸುತ್ತಿದ ಸಾಮಾನು ವಿಮಾನ ನಿಲ್ದಾಣದಲ್ಲೇ ಬಿಚ್ಚಿಸಬಹುದು. ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಬಳಸಿ. ಕುಟೀರದಲ್ಲಿ ಆಹಾರ ಹೊರಗಿಟ್ಟರೆ ವರ್ವೆಟ್ ಕೋತಿಗಳು ಬಿಡುವುದಿಲ್ಲ, ಕಿಟಕಿ ಚಿಲಕ ಹಾಕಿ.

ಅಲೆಮಾರಿ ಲೆನ್ಸ್

ಕ್ಯಾಮೆರಾದವರಿಗೆ ಚುಟುಕಾಗಿ. ಕಾಡಿನೊಳಗೆ ಬೆಳಕು ಬಹಳ ಕಡಿಮೆ, ಐಎಸ್ಒ 3200ಕ್ಕೆ ಹಿಂಜರಿಯಬೇಡಿ. ಚಿಂಪಾಂಜಿ ಮರದ ತುದಿಯಲ್ಲಿದ್ದರೆ ಹಿಂದಿನ ಆಕಾಶ ಅದನ್ನು ಬರೀ ಕಪ್ಪು ಆಕೃತಿ ಮಾಡುತ್ತದೆ, ಎಕ್ಸ್‌ಪೋಶರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. ಮೀನುಹದ್ದು ನೀರಿಗೆ ಎರಗುವ ಚಿತ್ರಕ್ಕೆ ದೋಣಿಯಿಂದ 1/2000 ಸೆಕೆಂಡ್ ಬೇಕು, ಟ್ರೈಪಾಡ್ ದೋಣಿಯ ನಡುಕವನ್ನೇ ಲೆನ್ಸಿಗೆ ದಾಟಿಸುತ್ತದೆ, ಕೈಯಲ್ಲೇ ಹಿಡಿಯಿರಿ. ಒಳಸುರಿಯುವ ಅಲೆಗೆ ಡ್ರೈಬ್ಯಾಗ್ ಕಡ್ಡಾಯ. ಚಾರ್ಜರ್‌ಗೆ ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್.

ಅಮಾವಾಸ್ಯೆಯ ಆಸುಪಾಸು ಸರೋವರದ ಮೇಲೆ ಹೊಗೆಯ ಕಂಬದಂತೆ ಏಳುವುದು ಕೆರೆನೊಣಗಳ ಹಿಂಡು. ಕಚ್ಚುವುದಿಲ್ಲ, ಆದರೆ ರಾತ್ರಿ ದೀಪಕ್ಕೆ ಮುತ್ತಿ ಊಟ, ಲೆನ್ಸ್ ಎಲ್ಲವನ್ನೂ ಮುಚ್ಚುತ್ತವೆ. ಬೇಗ ದೀಪ ಆರಿಸಿ.

ಮುಗಿಲಹಾದಿ

ಯಾವ ತಿಂಗಳು ಒಳ್ಳೆಯದು? ಅಮ್ಮನೂ ಬರುತ್ತಾರೆ, ಹೆಚ್ಚು ನಡೆಯಲಾರರು.

ಹಿನ್ನೀರು

ಜೂನ್‌ನಿಂದ ಸೆಪ್ಟೆಂಬರ್ ಒಣಗಾಲ, ಕಾಡುದಾರಿ ನಡೆಯಲು ಸುಲಭ. ಆದರೆ ಆಗ ಆಗ್ನೇಯದ ಗಾಳಿ ಬಲ, ಮಧ್ಯಾಹ್ನದ ಅಲೆ ಜೋರು. ಡಿಸೆಂಬರ್–ಫೆಬ್ರವರಿಯಲ್ಲಿ ವಲಸೆ ಹಕ್ಕಿ, ಚಿಟ್ಟೆ, ಸೀತಾಳೆ ಹೂ. ಮಾರ್ಚ್–ಮೇ ದೊಡ್ಡ ಮಳೆ, ಬಿಟ್ಟುಬಿಡಿ.

ಹೆಚ್ಚು ನಡೆಯಲಾಗದವರಿಗೆ ರುಬೊಂಡೊದಲ್ಲಿ ದೋಣಿ ಸುತ್ತಾಟವೇ ಸಾಕಷ್ಟು ಕೊಡುತ್ತದೆ: ಮೀನುಹದ್ದು, ಗೋಲಿಯಾತ್ ಬಕ, ಮೊಸಳೆ, ನೀರುನಾಯಿ. ಚಿಂಪಾಂಜಿಯನ್ನು ನೋಡಲೇಬೇಕು, ಕಾಡು ಹತ್ತಲಾಗದು ಎಂದಾದರೆ ಇದೇ ಸರೋವರದ ಉಗಾಂಡಾ ಭಾಗದಲ್ಲಿ ನ್ಗಾಂಬಾ ದ್ವೀಪವಿದೆ, ಎಂಟೆಬೆಯಿಂದ 23 ಕಿ.ಮೀ. 1998ರಲ್ಲಿ ಶುರುವಾದ ಆಶ್ರಯಧಾಮ. ಕಳ್ಳಬೇಟೆಗಾರರಿಂದ ಬಿಡಿಸಿದ ಸುಮಾರು ಐವತ್ತು ಚಿಂಪಾಂಜಿಗಳು, ಆಹಾರ ಕೊಡುವ ಹೊತ್ತಿಗೆ ಕಟ್ಟೆಯ ಮೇಲೆ ನಿಂತು ಬೇಲಿಯಾಚೆ ನೋಡಬಹುದು. ಕಾಡಿನ ನೋಟ ಅದಲ್ಲ. ಅಮ್ಮನಿಗೆ ಅದೇ ಅನುಕೂಲ. ಉಗಾಂಡಾಕ್ಕೆ ಹಳದಿ ಜ್ವರದ ಪ್ರಮಾಣಪತ್ರ ಕಡ್ಡಾಯ ಎಂಬುದು ನೆನಪಿರಲಿ.

ಬೇಲಿಹೂ

ಕೊನೆಗೆ ಒಂದು, ದಯವಿಟ್ಟು ಬರೆದಿಟ್ಟುಕೊಳ್ಳಿ. ಹಿಂತಿರುಗಿದ ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಆಗಲಿ, ಒಮ್ಮೆ ಇಲ್ಲವೆಂದು ಬಂದರೂ ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ಕಚ್ಚಿದ ಜಾಗ ಕೆಂಪಗೆ ಊದಿ ಗಟ್ಟಿಯಾಗಿ, ಒಂದರಿಂದ ಮೂರು ವಾರದಲ್ಲಿ ಜ್ವರ ಕಾಣಿಸಿಕೊಂಡರೆ ತ್ಸೆತ್ಸೆ ಹರಡುವ ನಿದ್ರಾರೋಗದ ಸಂಶಯ ಇರಬೇಕು. ಪ್ರವಾಸಿಗರಲ್ಲಿ ಅದು ವಿರಳ, ಆದರೆ ಪೂರ್ವ ಆಫ್ರಿಕಾದ ಬಗೆ ಬೇಗ ಉಲ್ಬಣಿಸುತ್ತದೆ. ಇಲ್ಲಿನ ವೈದ್ಯರಿಗೆ ಅದು ತಕ್ಷಣ ಹೊಳೆಯುವುದಿಲ್ಲ. "ಟಾಂಜಾನಿಯಾದ ಕಾಡಿನಲ್ಲಿದ್ದೆ, ತ್ಸೆತ್ಸೆ ಕಚ್ಚಿದೆ, ರಕ್ತದ ಲೇಪನದಲ್ಲಿ ಟ್ರಿಪನೊಸೋಮಾ ಇದೆಯೇ ನೋಡಿಸಿ" ಎಂದು ನೀವೇ ಹೇಳಬೇಕು. ಮಲೇರಿಯಾಕ್ಕೆ ತೆಗೆದ ಅದೇ ಲೇಪನದಲ್ಲಿ ಅದನ್ನೂ ಹುಡುಕಬಹುದು.